ಹಿರಿಯರನ್ನು ಆರಿಸುವ ಮೊದಲು ಒಂದು ಕೊಯ್ಲು, ಒಂದು ಮಳೆಗಾಲ

ಬೈಬಲಿನಲ್ಲಿ ಅಪೊಸ್ತಲ ಪೌಲನು ತನ್ನ ಜೊತೆ ಕೆಲಸಗಾರ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಸಭಾಧ್ಯಕ್ಷನಿಗೆ, ಅಂದರೆ ಕ್ರೈಸ್ತ ಸಭೆಯನ್ನು ನೋಡಿಕೊಳ್ಳುವ ಹಿರಿಯನಿಗೆ, ಇರಬೇಕಾದ ಗುಣಗಳನ್ನು ಒಂದೊಂದಾಗಿ ಹೇಳಿದ್ದಾನೆ. ಅವುಗಳಲ್ಲಿ ವೇದಿಕೆಯ ಮೇಲೆ ಕಾಣುವುದು ಒಂದೇ, ಬೋಧಿಸುವ ಸಾಮರ್ಥ್ಯ. ಉಳಿದವನ್ನು ಮನೆಯಲ್ಲಿ, ತೋಟದಲ್ಲಿ, ಅಂಗಡಿ ಮುಂದೆ ನೋಡಬೇಕು. ಆದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಚಿಕ್ಕ ಸಭೆಯಲ್ಲಿ ಹಿರಿಯರು ಬೇಕು ಎಂದಾದಾಗ ಮೊದಲು ನೆನಪಾಗುವುದು ಚೆನ್ನಾಗಿ ಪ್ರಾರ್ಥನೆ ಮಾಡುವವರ ಹೆಸರು, ಇಲ್ಲವೇ ಕಟ್ಟಡಕ್ಕೆ ಹೆಚ್ಚು ಕೊಟ್ಟವರ ಹೆಸರು. ಒಬ್ಬರೇ ಪಾಸ್ಟರ್ ಎರಡು ಮೂರು ಊರು ನೋಡಿಕೊಳ್ಳುವಾಗ ಆರಾಧನೆ, ರೋಗಿಗಳ ಭೇಟಿ, ಕಾಣಿಕೆಯ ಲೆಕ್ಕ ಎಲ್ಲ ಹಿರಿಯರ ಹೆಗಲಿಗೇ ಬೀಳುತ್ತದೆ. ಅಲ್ಲಿ ಆಯ್ಕೆ ತಪ್ಪಿದರೆ ಸರಿಪಡಿಸಲು ಬಹಳ ವರ್ಷ ಬೇಕು.

6ನೇ ವಚನ ಹೊಸಬರನ್ನು ನೇಮಿಸಬೇಡಿ ಎನ್ನುತ್ತದೆ. ಅಲ್ಲಿನ ಗ್ರೀಕ್ ಪದ ‘ನಿಯೊಫ್ಯುಟೋಸ್’, ಅಂದರೆ ಹೊಸದಾಗಿ ನೆಟ್ಟದ್ದು. ಅಡಿಕೆ ಸಸಿ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಸಲಿಗೆ ಐದಾರು ವರ್ಷ ಕಾಯಬೇಕು. ಅಷ್ಟರಲ್ಲಿ ಎಳೆ ಕಾಂಡಕ್ಕೆ ನೇರ ಬಿಸಿಲು ಬಡಿದರೆ ಸುಟ್ಟು ಸೀಳು ಬಿಡುತ್ತದೆ, ಅದಕ್ಕೇ ಸೋಗೆ ಕಟ್ಟುತ್ತೇವೆ. ಹೊಸ ವಿಶ್ವಾಸಿಗೆ ಬಡಿಯುವ ಬಿಸಿಲು ಹೊಗಳಿಕೆ. ಪೌಲನು ಕೊಡುವ ಕಾರಣವೂ ಅದೇ, ಗರ್ವ. ಕ್ರೇತ ದ್ವೀಪದ ಸಭೆಗಳ ಬಗ್ಗೆ ತನ್ನ ಇನ್ನೊಬ್ಬ ಜೊತೆ ಕೆಲಸಗಾರ ತೀತನಿಗೆ ಬರೆದಾಗ ಮಾತ್ರ ಈ ಷರತ್ತು ಇಲ್ಲ. ಅಲ್ಲಿನ ಸಭೆಗಳೇ ಎಳೆಯವು, ಹಳಬರು ಎಲ್ಲಿಂದ ಬರಬೇಕು? ಹಾಗಾಗಿ ಇಷ್ಟೇ ವರ್ಷ ಎಂದು ಗೆರೆ ಎಳೆಯುವುದು ಸರಿಯಲ್ಲ. ಆ ಸಭೆಯ ವಯಸ್ಸಿಗೆ ತಕ್ಕಂತೆ ನೋಡಬೇಕು.

ನಮ್ಮ ಸಲಹೆ, ಹಿರಿಯರಾಗಿ ಆರಿಸಬೇಕೆಂದಿರುವವರನ್ನು ಕಡೇಪಕ್ಷ ಪೂರ್ತಿ ಒಂದು ವರ್ಷ ಗಮನಿಸಿ. ಅದರಲ್ಲಿ ಒಂದು ಅಡಿಕೆ ಕೊಯ್ಲು ಬರುತ್ತದೆ, ಒಂದು ಮಳೆಗಾಲ ಬರುತ್ತದೆ. ಕೊಯ್ಲಿನಲ್ಲಿ ದುಡ್ಡಿನ ಗುಣ ಗೊತ್ತಾಗುತ್ತದೆ: ಅಡಿಕೆ ಸುಲಿದವರಿಗೆ ಬಟವಾಡೆ ಹೇಳಿದ ದಿನ ಆಯಿತೇ, ಮಂಡಿಯಲ್ಲಿ ಪಡೆದ ಮುಂಗಡದ ಮಾತು ಉಳಿಯಿತೇ, ಸೊಸೈಟಿ ಸಾಲದ ಕಂತು ಏನಾಯಿತು. ಮಳೆಗಾಲದಲ್ಲಿ ಕಾಳಜಿ ಗೊತ್ತಾಗುತ್ತದೆ: ಹಳ್ಳ ತುಂಬಿದಾಗ ಕೂಲಿಯವರ ಲೈನ್ ಮನೆಯಲ್ಲಿ ಜ್ವರ ಬಂದು ಮಲಗಿದವರನ್ನು ವಿಚಾರಿಸಲು ಯಾರು ಹೋದರು? ‘ಹೊರಗಿನವರಿಂದ ಒಳ್ಳೆಯ ಸಾಕ್ಷಿ’ ಎಂದು 7ನೇ ವಚನ ಕೇಳುವುದನ್ನು ನಿಜವಾಗಿ ಹೊರಗಿನವರ ಹತ್ತಿರವೇ ಕೇಳಬೇಕು. ಪಕ್ಕದ ಮನೆಯ ಗೌಡರನ್ನು, ಕಿರಾಣಿ ಅಂಗಡಿಯವರನ್ನು, ಕೆಲಸಕ್ಕೆ ಬರುವ ಹೆಂಗಸರನ್ನು. ಸಭೆಯೊಳಗಿನ ಹತ್ತು ಜನರ ಹೊಗಳಿಕೆಗಿಂತ ಕೂಲಿಯವರ ಒಂದು ಮಾತು ತೂಕದ್ದು.

ಅವರ ಮನೆಗೆ ಇಬ್ಬರು ಹೋಗಿ. ಹೆಂಡತಿಯ ಜೊತೆ ಬೇರೆಯಾಗಿ ಮಾತಾಡಲು ಸಭೆಯ ಹಿರಿಯ ಹೆಂಗಸೊಬ್ಬರು ಇರಲಿ. ‘ಹೊಡೆಯುವವನಾಗಿರಬಾರದು’ ಎಂದು ಪೌಲನು ನೇರವಾಗಿ ಬರೆದಿದ್ದಾನೆ, ಆದರೂ ಅದನ್ನು ಕೇಳಲು ನಾಚುತ್ತೇವೆ. ಕೇಳಲೇಬೇಕು. ಬೋಧನೆಗೆ ಒಂದು ವಾಕ್ಯಭಾಗ ಕೊಟ್ಟು ಇಪ್ಪತ್ತು ನಿಮಿಷ ವಿವರಿಸಲು ಹೇಳಿ. ಸ್ವರಕ್ಕಿಂತ, ಎದುರು ಪ್ರಶ್ನೆ ಬಂದಾಗ ಸಿಟ್ಟಾಗುತ್ತಾರೋ ಎನ್ನುವುದನ್ನು ನೋಡಿ. ಆಮೇಲೆ ಹೆಸರನ್ನು ಎರಡು ಭಾನುವಾರ ಸಭೆಗೆ ತಿಳಿಸಿ, ಆಕ್ಷೇಪಣೆ ಇದ್ದವರು ಸಹಿ ಹಾಕಿ ಕೊಡಲಿ. ಅನಾಮಧೇಯ ಪತ್ರಗಳ ಮೇಲೆ ತೀರ್ಮಾನ ಬೇಡ. ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕೆಂದು ಅದೇ ಪತ್ರಿಕೆಯ 5ನೇ ಅಧ್ಯಾಯ ಹೇಳುತ್ತದೆ; ಪಾಪ ಮಾಡುತ್ತಲೇ ಇರುವವರನ್ನು ಎಲ್ಲರ ಮುಂದೆ ಗದರಿಸಬೇಕೆಂದೂ ಅಲ್ಲೇ ಇದೆ. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಹೆಣ್ಣುಮಗುವಿನ ಮೇಲೆ ಕೈ ಮಾಡಿದ ದೂರು ಬಂದರಂತೂ ಸಾಕ್ಷಿ ಎಣಿಸುತ್ತ ಕೂರಬಾರದು. ಅದು ಸಭೆಯೊಳಗೆ ತೀರಿಸುವ ವಿಷಯವಲ್ಲ, ಪೊಲೀಸರಿಗೆ ತಿಳಿಸಬೇಕಾದ ಅಪರಾಧ.

ಕಾಣಿಕೆಯ ಹಣವನ್ನು ಆವತ್ತೇ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ, ಪುಸ್ತಕದಲ್ಲಿ ಬರೆದು ಸಹಿ ಮಾಡಲಿ. ಬ್ಯಾಂಕ್ ಖಾತೆಗೂ ಜಂಟಿ ಸಹಿ. ಇದು ಅನುಮಾನವಲ್ಲ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಸಾಗಿಸುವಾಗ, ಯಾರೂ ತಪ್ಪು ಹೊರಿಸದಿರಲೆಂದು ಪೌಲನೇ ಬೇರೆಯವರನ್ನು ಜೊತೆಗೆ ಸೇರಿಸಿಕೊಂಡ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ, 8ನೇ ಅಧ್ಯಾಯ. ಸಹಿಗೆ ಬೇಸರಪಟ್ಟುಕೊಳ್ಳುವವರಿಗೆ ಆ ಕೆಲಸ ಕೊಡಬೇಡಿ.

ಹೆಂಗಸರು ಹಿರಿಯರಾಗಬಹುದೇ ಎನ್ನುವುದರಲ್ಲಿ ಸಭೆ ಸಭೆಗೂ ನಿಲುವು ಬೇರೆ. ನಿಮ್ಮ ಸಭೆಯ ನಿಯಮ ನೋಡಿಕೊಳ್ಳಿ. ಎಷ್ಟು ಜನ ಎಂಬುದಕ್ಕೆ ಮಾತ್ರ ಒಬ್ಬರೇ ಸಾಲದು. ಮಿಲೇತ ಪಟ್ಟಣದಲ್ಲಿದ್ದ ಪೌಲನು ಎಫೆಸದ ಸಭೆಯಿಂದ ಕರೆಸಿದ್ದು ಹಿರಿಯನನ್ನಲ್ಲ, ಹಿರಿಯರನ್ನು.

ವರ್ಷ ಕಳೆದರೂ ತಕ್ಕವರು ಸಿಗದಿದ್ದರೆ ಜಾಗ ಖಾಲಿ ಇರಲಿ. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಪಕ್ಕದ ಊರಿನ ಪಾಸ್ಟರನ್ನು ತಿಂಗಳಿಗೊಮ್ಮೆ ಕರೆಸಿ, ಉಳಿದ ಭಾನುವಾರಗಳಲ್ಲಿ ವಾಕ್ಯ ಓದಿ ಪ್ರಾರ್ಥಿಸಿ. ಮುಂದಿನ ಕೊಯ್ಲಿನ ಹೊತ್ತಿಗೆ ಮತ್ತೆ ಕೂತು ಹೆಸರುಗಳನ್ನು ನೋಡಿ.