ಒಂದೇ ಮುಖದ ಸಾಲು

ಸ್ಯಾನ್ ಡಿಯೇಗೊದ ಮಗಳ ಮನೆಗೆ ಹೋದ ಮೊದಲ ವಾರವೇ ಎಂಟು ವರ್ಷದ ಮೊಮ್ಮಗ ನನ್ನನ್ನು ತನ್ನ ಮೆಚ್ಚಿನ ಬೆಕ್ಕಿನ ಬಳಿಗೆ ಕರೆದುಕೊಂಡು ಹೋದ. ವಿಶ್ವವಿದ್ಯಾಲಯದ ಗೈಸೆಲ್ ಗ್ರಂಥಾಲಯದ ಹೊರಗೆ ಕಂಚಿನಲ್ಲಿ ನಿಂತಿರುವ ಟೋಪಿಯ ಬೆಕ್ಕು ಅದು. ಅದರ ಮುಂದೆ ಮೇಜಿಗೆ ಕುಳಿತವರು ಆ ಬೆಕ್ಕಿನ ಕಥೆ ಬರೆದು ಚಿತ್ರಿಸಿದ ಮಕ್ಕಳ ಸಾಹಿತಿ ಥಿಯೊಡರ್ ಗೈಸೆಲ್, ಮಕ್ಕಳ ಬಾಯಲ್ಲಿ ಡಾ. ಸ್ಯೂಸ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದ ನನಗೆ ಅವರ ಗೆರೆಯ ಮೇಲೆ ಬಹಳ ಪ್ರೀತಿ. ಒಂದೇ ಎಳೆತದಲ್ಲಿ ಒಂದು ಪ್ರಾಣಿಗೆ ಜೀವ ತುಂಬುವ ಕೈ ಅದು.

1941ರಿಂದ 1943ರವರೆಗೆ ಅವರು ನ್ಯೂಯಾರ್ಕಿನ 'ಪಿಎಂ' ಪತ್ರಿಕೆಗೆ ನಾನೂರಕ್ಕೂ ಹೆಚ್ಚು ಯುದ್ಧದ ವ್ಯಂಗ್ಯಚಿತ್ರಗಳನ್ನು ಬರೆದಿದ್ದರು. ಗ್ರಂಥಾಲಯ ಅವುಗಳನ್ನು ಯಾರು ಬೇಕಾದರೂ ನೋಡಲೆಂದು ಡಿಜಿಟಲ್ ರೂಪದಲ್ಲಿ ತೆರೆದಿಟ್ಟಿದೆ. ರಾತ್ರಿ ಊಟವಾದ ಮೇಲೆ ಮಗಳ ಲ್ಯಾಪ್‌ಟಾಪಿನಲ್ಲಿ ನೋಡುತ್ತಾ ಕುಳಿತೆವು. ಹಿಟ್ಲರನನ್ನು ಕಂಡು ಮೊಮ್ಮಗ ನಕ್ಕ, ನಾನೂ ನಕ್ಕೆ. ಆಮೇಲೆ 1942ರ ಫೆಬ್ರವರಿ 13ರ ಚಿತ್ರ ಬಂತು.

ಅಮೆರಿಕದ ಪಶ್ಚಿಮ ಕರಾವಳಿಯುದ್ದಕ್ಕೂ, ವಾಷಿಂಗ್ಟನ್, ಒರೆಗಾನ್, ಕ್ಯಾಲಿಫೋರ್ನಿಯಾಗಳನ್ನು ದಾಟಿ, ಕೊನೆ ಕಾಣದ ಜಪಾನಿಯರ ಸಾಲು. ಎಲ್ಲರಿಗೂ ಅದೇ ಕನ್ನಡಕ, ಅದೇ ಕಿರುಗಣ್ಣು, ಅದೇ ನಗು. ಒಂದು ಗುಡಿಸಲಿನ ಮುಂದೆ ಸ್ಫೋಟಕದ ಪೊಟ್ಟಣಗಳನ್ನು ಇಸಿದುಕೊಂಡು ಮುಂದೆ ಸಾಗುತ್ತಿದ್ದಾರೆ. ಗುಡಿಸಲಿನ ಮಾಡಿನ ಮೇಲೊಬ್ಬ ದುರ್ಬೀನು ಹಿಡಿದು ಸಮುದ್ರದ ಕಡೆ ನೋಡುತ್ತಿದ್ದಾನೆ. ತಾಯ್ನಾಡಿನ ಸಂಕೇತಕ್ಕೆ ಕಾಯುತ್ತಿದ್ದಾರೆ ಎಂದು ಕೆಳಗೆ ಬರೆದಿದೆ.

"ಅಜ್ಜಿ, ಇವರೆಲ್ಲ ಅವಳಿಗಳೇ?" ಎಂದು ಕೇಳಿದ ಮೊಮ್ಮಗ.

ನನಗೆ ಉತ್ತರ ಹೊಳೆಯಲಿಲ್ಲ. ಅಳಿಯ, "ಆಗ ಎಲ್ಲರೂ ಹೀಗೆಯೇ ಬರೆಯುತ್ತಿದ್ದರು ಅತ್ತೆ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಎರಡೇ ತಿಂಗಳು" ಎಂದರು. ಈ ಚಿತ್ರಗಳನ್ನು ಇಂದು ನೋಡುವ ಎಷ್ಟೋ ಜನರ ಮಾತೂ ಇದೇ. ಆದರೆ ಅದೇ ಸಂಗ್ರಹದಲ್ಲಿ 1941ರ ಅಕ್ಟೋಬರಿನ ಇನ್ನೊಂದು ಚಿತ್ರವಿದೆ. ಯುದ್ಧ ನಮಗೆ ಸಂಬಂಧಿಸಿದ್ದಲ್ಲ ಎನ್ನುವ ಅಮೆರಿಕದ ತಾಯಿಯೊಬ್ಬಳು ಮಕ್ಕಳಿಗೆ ತೋಳದ ಕಥೆ ಓದುತ್ತಿದ್ದಾಳೆ. ತೋಳ ಮಕ್ಕಳನ್ನು ತಿಂದಿತು, ಆದರೆ ಅವರು ಪರದೇಶದ ಮಕ್ಕಳಾದ್ದರಿಂದ ಚಿಂತೆಯಿಲ್ಲ ಎನ್ನುತ್ತಾಳೆ. ಅವಳ ಕಲ್ಲುಮನಸ್ಸನ್ನು ಕಂಡು ಸಿಟ್ಟಿಗೆದ್ದ ಮನುಷ್ಯನೇ ನಾಲ್ಕು ತಿಂಗಳಲ್ಲಿ ಆ ಸಾಲನ್ನು ಬರೆದ. ಕಾಲದ ಮೇಲೆ ಹೊರೆ ಹಾಕಿ ಸುಮ್ಮನಾಗುವುದು ನನ್ನಿಂದಾಗಲಿಲ್ಲ.

ಚಿತ್ರ ಅಚ್ಚಾದ ಆರನೆಯ ದಿನ, ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ 9066ನೆಯ ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಜನ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಅಂಥ ಹತ್ತು ಶಿಬಿರಗಳಲ್ಲಿ ಒಂದಾದ ಮ್ಯಾಂಜನಾರ್ ಇದೇ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿದೆ ಎಂದು ತಿಳಿದಾಗ, ಅಲ್ಲಿಗೆ ಹೋಗಲೇಬೇಕು ಎಂದು ಹಟ ಹಿಡಿದೆ.

ಐದು ಗಂಟೆ ಮೀರಿದ ದಾರಿ. ಮರುಭೂಮಿ ಕಳೆದು 395ನೆಯ ಹೆದ್ದಾರಿಯಲ್ಲಿ ಲೋನ್ ಪೈನ್ ಊರು ದಾಟಿದರೆ, ಎಡಕ್ಕೆ ಸಿಯೆರಾ ನೆವಾಡಾದ ಹಿಮದ ಗೋಡೆ, ಅದರ ಬುಡದಲ್ಲಿ ಬೋಳು ಬಯಲು. ಕಾರಿನಿಂದ ಇಳಿದೊಡನೆ ಗಾಳಿ ಸೆರಗನ್ನು ಕಿತ್ತುಕೊಂಡಿತು, ಬಾಯೊಳಗೆಲ್ಲ ಮರಳು. ಮ್ಯಾಂಜನಾರ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸೇಬಿನ ತೋಟ. ಈಗಲೂ ಹಳೆಯ ಹಣ್ಣಿನ ಮರಗಳು ಅಲ್ಲಲ್ಲಿ ನಿಂತಿವೆ.

ಬಂದಿಗಳೇ 1944ರಲ್ಲಿ ಕಟ್ಟಿದ ಸಭಾಂಗಣ ಈಗ ವಸ್ತುಸಂಗ್ರಹಾಲಯ. ಹೊರಗೆ ಕೆಲವು ಬ್ಯಾರಕ್‌ಗಳನ್ನು ಮೊದಲಿನಂತೆಯೇ ಮರಳಿ ಕಟ್ಟಿದ್ದಾರೆ. ಇಪ್ಪತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದದ ಒಂದು ಕೋಣೆಗೆ ಎಂಟು ಜನ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹೆಂಗಸರ ಶೌಚಾಲಯ. ಸಾಲಾಗಿ ಪೀಠಗಳು, ನಡುವೆ ಒಂದು ಹಲಗೆಯ ಮರೆಯೂ ಇಲ್ಲ. ಮಗಳು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಮಾತನಾಡಲಿಲ್ಲ.

ಇಲ್ಲೊಂದು ಅನಾಥಾಲಯವೂ ಇತ್ತು. ಜಪಾನಿ ರಕ್ತದ 101 ಅನಾಥ ಮಕ್ಕಳು, ಹಸುಗೂಸುಗಳು ಸಹ, ಇಲ್ಲಿ ಬೆಳೆದರು. ಗೈಸೆಲರ ಸಾಲಿನಲ್ಲಿ ಈ ಕೂಸುಗಳು ಎಲ್ಲಿ ನಿಲ್ಲುತ್ತಿದ್ದವು ಎಂದು ಯೋಚಿಸಿ ಹೊಟ್ಟೆ ತೊಳಸಿತು.

ಸಂಗ್ರಹಾಲಯದೊಳಗೆ ಮೇಲಿನಿಂದ ಇಳಿಬಿಟ್ಟ ದೊಡ್ಡ ಬಟ್ಟೆಯ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ವೃದ್ಧೆಯೊಬ್ಬರು ತಮ್ಮ ಮೊಮ್ಮಗಳಿಗೆ ಅದರಲ್ಲಿ ಒಂದನ್ನು ಬೆರಳಿಟ್ಟು ತೋರಿಸುತ್ತಿದ್ದರು. ಅದನ್ನು ನೋಡುತ್ತಿರುವಾಗ ನನಗೆ 1999 ನೆನಪಾಯಿತು. ಕಾರ್ಗಿಲ್ ಯುದ್ಧದ ದಿನಗಳು. ನನ್ನ ತರಗತಿಯ ಮಕ್ಕಳು ಭಿತ್ತಿಚಿತ್ರ ಬರೆದಿದ್ದರು. ಶತ್ರುಗಳೆಲ್ಲ ಒಂದೇ ಗಡ್ಡದ, ಒಂದೇ ಕೋರೆಹಲ್ಲಿನ ರಾಕ್ಷಸರು. ಎದುರಿಗಿರುವ ಮುಖವನ್ನು ಮೊದಲು ಸರಿಯಾಗಿ ನೋಡು, ಆಮೇಲೆ ಪೆನ್ಸಿಲ್ ಎತ್ತು ಎಂದು ವರ್ಷವಿಡೀ ಹೇಳುತ್ತಿದ್ದ ನಾನೇ ಅವುಗಳಿಗೆ ಪೂರ್ತಿ ಅಂಕ ಕೊಟ್ಟು ಸೂಚನಾ ಫಲಕಕ್ಕೆ ಅಂಟಿಸಿದ್ದೆ. ಆ ತರಗತಿಯಲ್ಲಿ ಮೂವರು ಮುಸ್ಲಿಂ ಹುಡುಗರಿದ್ದರು. ಅವರು ಏನು ಬರೆದಿದ್ದರು ಎಂಬುದು ಎಷ್ಟು ನೆನಪಿಸಿಕೊಂಡರೂ ಬರುತ್ತಿಲ್ಲ.

ಗೈಸೆಲ್ 1953ರಲ್ಲಿ ಜಪಾನಿಗೆ ಹೋಗಿ ಬಂದರು. ಮರುವರ್ಷ, ಧೂಳಿನ ಕಣದಲ್ಲಿರುವ ಪುಟ್ಟ ಜೀವಿಗಳ ದನಿ ಕೇಳಿಸಿಕೊಳ್ಳುವ ಆನೆಯ ಕಥೆಯನ್ನು ಕ್ಯೋಟೋದ ಗೆಳೆಯರೊಬ್ಬರಿಗೆ ಅರ್ಪಿಸಿದರು. ಅದನ್ನೇ ಅವರ ಕ್ಷಮೆಯಾಚನೆ ಎಂದು ಓದುವವರಿದ್ದಾರೆ. ನಾನೂ ಹಾಗೆಯೇ ಓದಲು ಬಯಸುತ್ತೇನೆ. ಆದರೆ ಅಂದಿನ ಚಿತ್ರವನ್ನು ಹೆಸರಿಸಿ ತಪ್ಪಾಯಿತು ಎನ್ನುವ ಒಂದು ಮಾತಿಗೆ ಆ ಆನೆ ಸಾಟಿಯಾಗದು. ಸರ್ಕಾರ 1988ರಲ್ಲಿ ಕಾನೂನಿನ ಮೂಲಕವೇ ಕ್ಷಮೆ ಕೇಳಿತು, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಈ ಚಿತ್ರಗಳನ್ನು ಮಕ್ಕಳಿಂದ ಬಚ್ಚಿಡಬೇಕು ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. ಆದರೂ ತೋರಿಸಬೇಕು, ಮ್ಯಾಂಜನಾರ್‌ನ ಕಥೆಯನ್ನು ಜೊತೆಯಲ್ಲಿಟ್ಟೇ ತೋರಿಸಬೇಕು.

ಸಂಜೆ ಸ್ಮಶಾನದ ಬಿಳಿಯ ಸ್ತಂಭಕ್ಕೆ ಕೈಮುಗಿದೆವು. ಅದರ ಬುಡದಲ್ಲಿ ಕಾಗದದ ಕೊಕ್ಕರೆಗಳು, ನಾಣ್ಯಗಳು. ಹೊರಡುವ ಮುಂಚೆ ಮೊಮ್ಮಗ ಹೆದ್ದಾರಿಯ ಪಕ್ಕದ ಕಾವಲುಗೋಪುರದ ಕೆಳಗೆ ಕತ್ತೆತ್ತಿ ನಿಂತ. ಇಂಥ ಎಂಟು ಗೋಪುರಗಳು ಶಿಬಿರದ ಸುತ್ತ ಇದ್ದವು. ಈಗಿನದು 2005ರಲ್ಲಿ ಮರಳಿ ಕಟ್ಟಿದ್ದು.

"ಅಜ್ಜಿ, ಇದರ ಮೇಲೆ ಹತ್ತಿದರೆ ಸಮುದ್ರ ಕಾಣುತ್ತದೆಯೇ?"

ಪಡುವಣಕ್ಕೆ ತಿರುಗಿದೆ. ಬೆಟ್ಟದ ಹಿಂದೆ ಸೂರ್ಯ ಆಗಲೇ ಇಳಿದಿದ್ದ.

"ಇಲ್ಲ ಪುಟ್ಟಾ, ಕಾಣುವುದಿಲ್ಲ" ಎಂದೆ.