ಲೀಡ್ ಆದವರು ತಗ್ಗಿದ್ರೆ ಟೀಮ್ ಹಿಡಿತಕ್ಕೆ ಸಿಗುತ್ತಾ?

ದೂರ ದೂರ ಕೂತು ಆನ್‌ಲೈನ್‌ನಲ್ಲೇ ಕೆಲಸ ಮಾಡೋ ಟೀಮ್‌ಗಳ ಬಗ್ಗೆ ಮಾತು ಬಂದಾಗೆಲ್ಲ ಎದುರಿಗಿರೋರು ಕೇಳೋದು ಇದನ್ನೇ: "ಲೀಡ್ ಆದವರು ಇಷ್ಟು ವಿನಯದಿಂದ ಇದ್ದು, ಅಧಿಕಾರನೂ ಹಂಚಿಬಿಟ್ರೆ, ಕೊನೆಗೆ ಯಾರ ಮಾತು ಯಾರು ಕೇಳ್ತಾರೆ?"

ಅಲ್ಲ, ಹಿಡಿತ ಈಗಾದ್ರೂ ಎಲ್ಲಿದೆ ಹೇಳಿ. ಒಬ್ಬರು ಮಲಗೋ ಹೊತ್ತಿಗೆ ಇನ್ನೊಬ್ಬರು ಲಾಗಿನ್ ಆಗ್ತಿರ್ತಾರೆ, ಸಣ್ಣಪುಟ್ಟದಕ್ಕೂ ಲೀಡ್ ಓಕೆ ಅನ್ನಬೇಕು ಅಂದ್ರೆ ಒಂದು ಪ್ರಶ್ನೆಗೆ ಒಂದು ದಿನ ಹೋಗುತ್ತೆ, ಅಷ್ಟರಲ್ಲಿ ಕೇಳಿದವರು ಸುಮ್ನೆ ಕೂತಿರ್ತಾರೆ, ಇಲ್ಲಾ ತಮಗೆ ತೋಚಿದ್ದು ಮಾಡಿ ಮುಗಿಸಿರ್ತಾರೆ. ಅಧಿಕಾರ ಹೇಗೂ ಹಂಚಿಹೋಗಿರುತ್ತೆ, ಯಾರಿಗೆ ಎಷ್ಟು ಅಂತ ಯಾರೂ ಬರೆದಿಟ್ಟಿರಲ್ಲ ಅಷ್ಟೇ.

ಬರೆದಿಟ್ಟವರಲ್ಲಿ ನನಗೆ ಇಷ್ಟವಾಗೋದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಟ್ಟೋರು. ಆ ಭಾಷೆ ಹುಟ್ಟುಹಾಕಿದ ಗಿಡೋ ವಾನ್ ರಾಸಮ್ ಅಲ್ಲಿ ಯಾವ ಜಗ್ಗಾಟ ಬಂದ್ರೂ ಕೊನೆ ಮಾತು ಹೇಳ್ತಿದ್ದವರು, 2018ರ ಜುಲೈನಲ್ಲಿ ಒಂದು ಹೊಸ ಆಪರೇಟರ್ (ಕೋಡ್‌ನಲ್ಲಿ ಬಳಸೋ ಚಿಹ್ನೆ) ವಿಚಾರಕ್ಕೆ ನಡೆದ ಗುದ್ದಾಟದ ಬೆನ್ನಿಗೇ ಸಾಕಪ್ಪಾ ಅಂತ ಇಳಿದ್ರು, ಮುಂದೆ ಯಾರು ಅಂತ ಹೆಸರೂ ಹೇಳಲಿಲ್ಲ. ಬೇರೆ ಬೇರೆ ದೇಶದಲ್ಲಿದ್ದ ಡೆವಲಪರ್‌ಗಳು ಮುಂದೆ ಆಡಳಿತ ಹೇಗಿರಬೇಕು ಅಂತ ತಾವೇ ಹಲವು ಮಾದರಿ ಬರೆದು, ವೋಟ್ ಹಾಕಿ ಒಂದನ್ನ ಒಪ್ಪಿ, 2019ರಲ್ಲಿ 5 ಜನರ ಸ್ಟೀರಿಂಗ್ ಕೌನ್ಸಿಲ್ ಆರಿಸಿದ್ರು. ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರೋ ಹಾಗಿಲ್ಲ. ಕೌನ್ಸಿಲ್‌ಗೆ ಅಧಿಕಾರ ದೊಡ್ಡದೇ ಇದೆ, ಆದ್ರೆ ಅದನ್ನ ಆದಷ್ಟು ಕಮ್ಮಿ ಬಳಸಿ ಅಂತ ಅವರ ನಿಯಮದಲ್ಲೇ ಬರೆದಿದೆ. ಗಿಡೋ ಆ ಮೊದಲ ಕೌನ್ಸಿಲ್‌ನಲ್ಲಿ ಐವರಲ್ಲಿ ಒಬ್ಬರಾಗಿ ಕೂತ್ರು. (ಇಳಿಯೋದಕ್ಕಿಂತ ಇದು ಕಷ್ಟ ಅನ್ಸುತ್ತೆ ನಂಗೆ.)

ವಿನಯ ಅಂದ್ರೆ ನಯವಾಗಿ ಮಾತಾಡೋದು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಚಾಟ್‌ನಲ್ಲಿ ನಯ ಅಷ್ಟು ದಾಟಲ್ಲ ರೀ. "ಇದು ನನ್ನ ಅಭಿಪ್ರಾಯ ಮಾತ್ರ" ಅಂತ ಲೀಡ್ ಮೊದಲೇ ಟೈಪ್ ಮಾಡಿದ್ರೆ ಉಳಿದವರಿಗೆ ಅದು ಆರ್ಡರ್, ಆಮೇಲೆ ಬರೋದೆಲ್ಲ ಥಂಬ್ಸಪ್ ಇಮೋಜಿ. ಹಾಗಾಗಿ ಲೀಡ್ ಕೊನೆಗೆ ಬರೀಬೇಕು. "ಈ ವಿಷಯ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು, ಅವರು ಹೇಳಿದ್ದೇ ಫೈನಲ್" ಅಂತ ಎಲ್ಲರಿಗೂ ಕಾಣೋ ಕಡೆ ಹಾಕಬೇಕು, ಆಮೇಲೆ ಅವರ ನಿರ್ಧಾರ ತನಗೆ ಹಿಡಿಸದೇ ಇದ್ರೂ ಹಿಂದಿನಿಂದ ಪ್ರೈವೇಟ್ ಮೆಸೇಜ್ ಹಾಕಿ ಬದಲಾಯಿಸೋಕೆ ಹೋಗಬಾರದು. ಎಷ್ಟೋ ಲೀಡ್‌ಗಳು ಜಾರೋದು ಇಲ್ಲೇ.

ಹಂಚೋದು ಅಂದ್ರೆ ಎಲ್ಲರನ್ನೂ ಎಲ್ಲದಕ್ಕೂ ಕೇಳೋದು ಅಂತಲೂ ಅಲ್ಲ, ಹಾಗೆ ಮಾಡಿದ್ರೆ ಯಾವ ಕೆಲಸನೂ ಮುಂದೆ ಹೋಗಲ್ಲ. ಅಪಾಚೆ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಸಂಸ್ಥೆಯ ಪ್ರಾಜೆಕ್ಟ್‌ಗಳಲ್ಲಿ ಪ್ರಸ್ತಾಪ ಇಟ್ಟು ಸಾಮಾನ್ಯವಾಗಿ 72 ಗಂಟೆ ಕಾಯ್ತಾರೆ, ಯಾವ ಟೈಮ್‌ಝೋನ್‌ನವರಿಗೂ ನೋಡೋಕೆ ಪುರುಸೊತ್ತು ಸಿಗುತ್ತೆ, ಯಾರೂ ಬೇಡ ಅನ್ನಲಿಲ್ಲ ಅಂದ್ರೆ ಒಪ್ಪಿದ ಹಾಗೆ. ಕೋಡ್ ಬದಲಾವಣೆ ಬೇಡ ಅಂತ ತಡೆಯೋರು ತಾಂತ್ರಿಕ ಕಾರಣ ಕೊಡಲೇಬೇಕು, ಇಷ್ಟ ಇಲ್ಲ ಅಂದ್ರೆ ನಡಿಯಲ್ಲ.

ಸರ್ವರ್ ಬಿದ್ದಾಗ ಮಾತ್ರ 72 ಗಂಟೆಯ ಮಾತಿಲ್ಲ, ಆಗ ಒಬ್ಬರೇ ಹೇಳಬೇಕು. ಆದ್ರೆ ಆ ಒಬ್ಬರು ಲೀಡೇ ಆಗಬೇಕು ಅಂತೇನಿಲ್ಲ, ಆವತ್ತು ಆನ್‌ಕಾಲ್ (ತೊಂದರೆ ಬಂದ್ರೆ ನೋಡ್ಕೊಳ್ಳೋ ಸರದಿ) ಇರೋರು ಯಾರೋ ಅವರು, ಲೀಡ್ ಆ ಕಾಲ್‌ಗೆ ಬಂದ್ರೆ ಆ ಆನ್‌ಕಾಲ್‌ನವರು ಒಪ್ಪಿಸಿದ ಕೆಲಸ ಮಾಡೋದು.