ಬೈಗುಳದ ಒಂಬತ್ತು ಹಾಡುಗಳು

ರಾಕ್ ಹಾಡುಗಾರ ನೀಲ್ ಯಂಗ್‌ನ ‘ದಿ ಮಾನ್ಸಾಂಟೊ ಇಯರ್ಸ್’ ಆಲ್ಬಮನ್ನು ಮೊದಲ ಸಲ ಕೇಳಿದಾಗ ನನ್ನ ಕಣ್ಣ ಮುಂದೆ ಬಂದವರು, ದಾವಣಗೆರೆಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯ ಎದುರು ಹಸಿರು ಶಾಲು ಹೊದ್ದು ನಿಂತು, ಮೂರು ಪುಟದ ಮನವಿ ಪತ್ರದಲ್ಲಿರುವ ಬೇಡಿಕೆಗಳಲ್ಲಿ ಒಂದನ್ನೂ ಬಿಡದೆ ಗಟ್ಟಿಯಾಗಿ ಓದುವ ಹಿರಿಯರು. ಬಿಸಿಲು ಏರುತ್ತಿರುತ್ತದೆ, ಹಿಂದೆ ನಿಂತವರು ಕಾಲು ಬದಲಿಸುತ್ತಿರುತ್ತಾರೆ, ಫೋಟೊ ತೆಗೆಯಲು ಬಂದವರು ಆಗಲೇ ಹೊರಟುಹೋಗಿರುತ್ತಾರೆ, ಆದರೂ ಅವರು ಒಂಬತ್ತನೆಯ ಬೇಡಿಕೆಯಿಂದ ಹತ್ತನೆಯದಕ್ಕೆ ಅದೇ ದನಿಯಲ್ಲಿ ಸಾಗುತ್ತಾರೆ. 2015ರ ಜೂನ್ 29ರಂದು ಈ ಆಲ್ಬಮ್ ಬಂದಾಗ ಯಂಗ್‌ಗೆ 69 ವರ್ಷ. ಒಂಬತ್ತು ಹಾಡುಗಳ ಈ ಆಲ್ಬಮ್ಮಿನಲ್ಲಿ ಅವನು ಮಾನ್ಸಾಂಟೊ ಎಂಬ ಬೀಜದ ಕಂಪನಿ, ಕಾಫಿ ಅಂಗಡಿ, ದೊಡ್ಡ ಮಳಿಗೆ, ತೈಲ ಕಂಪನಿ ಹೀಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದಿದ್ದಾನೆ. ಕುಮಾರವ್ಯಾಸನನ್ನೇ ಏಕವಚನದಲ್ಲಿ ಕರೆಯುವ ನಾಡಿನವನಾದ್ದರಿಂದ ಯಂಗ್‌ನನ್ನು ಹಾಗೆ ಕರೆದರೆ ಓದುಗರು ಬೇಸರಿಸಿಕೊಳ್ಳಬಾರದು. ಹಾಸ್ಟೆಲಿನ ಗೆಳೆಯನೊಬ್ಬನ ಬಳಿಯಿದ್ದ, ರೀಲು ಎರಡು ಕಡೆ ಅಂಟಿಸಿದ್ದ ಕ್ಯಾಸೆಟ್ಟಿನಲ್ಲಿ ಅವನನ್ನು ಕೇಳಿ ಮೂವತ್ತು ವರ್ಷಗಳ ಮೇಲಾಯಿತು.

ಯಂಗ್ ಸಿಡುಕನಾದದ್ದು ಮುಪ್ಪಿನಿಂದಲ್ಲ. 1983ರಲ್ಲಿ ಅವನ ಹಾಡುಗಳನ್ನು ಹೊರತರುತ್ತಿದ್ದ ಗೆಫೆನ್ ರೆಕಾರ್ಡ್ಸ್ ಸಂಸ್ಥೆಯೇ, ಇವನು ಮಾಡಿಕೊಡುತ್ತಿರುವ ಸಂಗೀತ ಇವನದೇ ಸಂಗೀತದಂತಿಲ್ಲ ಎಂಬ ವಿಚಿತ್ರ ಕಾರಣ ಕೊಟ್ಟು ಅವನ ಮೇಲೆ ದಾವೆ ಹೂಡಿತ್ತು. 2006ರಲ್ಲಿ ಅವನು ಇರಾಕ್ ಯುದ್ಧದ ವಿರುದ್ಧ ಒಂದಿಡೀ ಆಲ್ಬಮ್ ಮಾಡಿದ. ಅದಕ್ಕೂ ಬಹಳ ಹಿಂದೆ, 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದಾಗ, ಕೆಲವೇ ವಾರಗಳಲ್ಲಿ ‘ಒಹಾಯೊ’ ಎಂಬ ಹಾಡು ಬರೆದು ಅಧ್ಯಕ್ಷ ನಿಕ್ಸನ್‌ನ ಹೆಸರನ್ನೇ ಅದರಲ್ಲಿ ಸೇರಿಸಿದ್ದ. ಹೆಸರು ಹಿಡಿದು ಬೈದರೆ ಹಾಡು ಕೆಡುತ್ತದೆ ಎನ್ನುವವರಿಗೆ ಆ ಮೂರು ನಿಮಿಷದ ಹಾಡೇ ಉತ್ತರವಾಗಿದೆ. ಆದ್ದರಿಂದ ಈ ಆಲ್ಬಮ್ಮಿನಲ್ಲಿ ಕೊರತೆ ಏನಿದ್ದರೂ ಅದನ್ನು ಬೈಗುಳದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ.

ಹಾಡುಗಳನ್ನು ಧ್ವನಿಮುದ್ರಿಸಿದ್ದು ಕ್ಯಾಲಿಫೋರ್ನಿಯದ ಆಕ್ಸ್‌ನಾರ್ಡ್ ಎಂಬ ಊರಿನ ಹಳೆಯ ಚಿತ್ರಮಂದಿರವೊಂದರಲ್ಲಿ. ಜೊತೆಗೆ ನುಡಿಸಿದ ‘ಪ್ರಾಮಿಸ್ ಆಫ್ ದಿ ರಿಯಲ್’ ತಂಡದ ಮುಂದಾಳು ಲ್ಯೂಕಸ್ ನೆಲ್ಸನ್. ಅವನ ತಮ್ಮ ಮೈಕಾ ಕೂಡ ಇದರಲ್ಲಿ ಗಿಟಾರ್ ಹಿಡಿದಿದ್ದಾನೆ. ಇಬ್ಬರೂ ಹೆಸರಾಂತ ಹಾಡುಗಾರ ವಿಲ್ಲಿ ನೆಲ್ಸನ್‌ನ ಮಕ್ಕಳು. ಸಾಲದಲ್ಲಿ ಸಿಕ್ಕಿದ್ದ ಅಮೆರಿಕದ ರೈತರಿಗಾಗಿ 1985ರಲ್ಲಿ ‘ಫಾರ್ಮ್ ಏಡ್’ ಸಂಗೀತ ಕಾರ್ಯಕ್ರಮ ಶುರುವಾದಾಗ ಯಂಗ್, ವಿಲ್ಲಿ ನೆಲ್ಸನ್, ಜಾನ್ ಮೆಲೆನ್‌ಕ್ಯಾಂಪ್ ಮೂವರು ಹಾಡುಗಾರರೂ ಹೆಗಲು ಕೊಟ್ಟಿದ್ದರು. ಮೂವತ್ತು ವರ್ಷಗಳ ನಂತರ ಗೆಳೆಯನ ಮಕ್ಕಳನ್ನು ಕಟ್ಟಿಕೊಂಡು ಅದೇ ರೈತರ ಜಗಳಕ್ಕೆ ಇಳಿದವನನ್ನು, ವಯಸ್ಸಾದ ಮೇಲೆ ಸುದ್ದಿಯಲ್ಲಿರಲು ಒಂದು ನೆಪ ಹುಡುಕಿಕೊಂಡ ಎಂದು ಹಳಿಯುವುದು ನ್ಯಾಯವಲ್ಲ. ಹುಡುಗರ ನುಡಿಸಾಣಿಕೆಯಲ್ಲಿ ಹುರುಪಿದೆ. ಮುದುಕನ ಒಡಕು ಗಿಟಾರಿನ ಪಕ್ಕದಲ್ಲಿ ಅವರ ಹಿಮ್ಮೇಳದ ದನಿಗಳು, ಭಜನೆಯಲ್ಲಿ ಹಿಂದಿನ ಸಾಲಿನವರು ಎತ್ತಿಕೊಳ್ಳುವಂತೆ, ಒಟ್ಟಾಗಿ ಏಳುತ್ತವೆ.

ಕಾಫಿ ಅಂಗಡಿಯ ಮೇಲಿನ ಹಾಡಿಗೆ ಸ್ವಲ್ಪ ಹಿನ್ನೆಲೆ ಬೇಕು. ಕುಲಾಂತರಿ, ಅಂದರೆ ವಂಶವಾಹಿಯನ್ನು ಬದಲಿಸಿದ ಬೆಳೆಯ, ಪದಾರ್ಥ ಬಳಸಿದ ಆಹಾರದ ಪೊಟ್ಟಣದ ಮೇಲೆ ಹಾಗೆಂದು ಮುದ್ರಿಸಬೇಕು ಎಂದು ಅಮೆರಿಕದ ವರ್ಮಾಂಟ್ ರಾಜ್ಯ 2014ರಲ್ಲಿ ಕಾನೂನು ಮಾಡಿತು. ಆಹಾರ ತಯಾರಕರ ಸಂಘವೊಂದು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಸ್ಟಾರ್‌ಬಕ್ಸ್ ಆ ಸಂಘದ ಸದಸ್ಯ ಎಂಬ ಕಾರಣಕ್ಕೆ ಯಂಗ್ ಅಲ್ಲಿ ಕಾಫಿ ಕುಡಿಯುವುದನ್ನು ಬಿಟ್ಟ. ದಾವೆಯಲ್ಲಿ ನಾವು ಪಾಲುದಾರರಲ್ಲ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ‘ಎ ರಾಕ್ ಸ್ಟಾರ್ ಬಕ್ಸ್ ಎ ಕಾಫಿ ಶಾಪ್’ ಎಂಬ ಶೀರ್ಷಿಕೆಯ ನಡುವೆಯೇ ಕಂಪನಿಯ ಹೆಸರು ಅಡಗಿ ಕೂತಿದೆ. ಹಾಡಿನಲ್ಲೊಂದು ಸಿಳ್ಳೆಯ ರಾಗವಿದೆ, ಬಾಯಿಗೆ ಹತ್ತಿದರೆ ದಿನವಿಡೀ ಬಿಡುವುದಿಲ್ಲ. ಇಡೀ ಆಲ್ಬಮ್ಮಿನಲ್ಲಿ ಅವನು ನಗುತ್ತಾ ಬೈದದ್ದು ಇದೊಂದೇ ಕಡೆ ಎಂದು ನನಗನ್ನಿಸುತ್ತದೆ.

ವಿಮರ್ಶಕರ ಪ್ರತಿಕ್ರಿಯೆ ಅಷ್ಟೇನೂ ಸಿಹಿಯಾಗಿರಲಿಲ್ಲ. ಸಂಗೀತಕ್ಕೆ ಕಸುವಿದೆ, ಸಾಹಿತ್ಯ ಮಾತ್ರ ಅವಸರದ್ದು, ಉಪದೇಶದ್ದು, ಪತ್ರಿಕಾ ಹೇಳಿಕೆಗೆ ತಾಳ ಹಾಕಿದಂತಿದೆ ಎಂಬುದು ಹಲವರ ಒಟ್ಟು ಅಭಿಪ್ರಾಯವಾಗಿತ್ತು. ಮಾನ್ಸಾಂಟೊ ಕಂಪನಿಯಂತೂ ಜಾಣತನದಿಂದ ಉತ್ತರಿಸಿತು: ನಮ್ಮಲ್ಲಿ ಕೆಲಸ ಮಾಡುವ ಅನೇಕರು ಯಂಗ್ ಅವರ ಅಭಿಮಾನಿಗಳು, ಆದರೆ ನಾವು ನಂಬಿ ಮಾಡುವ ಕೆಲಸ ಈ ಆಲ್ಬಮ್ಮಿನಲ್ಲಿ ಕಾಣದಿರುವುದು ಕೆಲವರಿಗೆ ಬೇಸರ ತಂದಿರಬಹುದು ಎಂಬ ಅರ್ಥದ ಮಾತನ್ನು ಹೇಳಿ ಸುಮ್ಮನಾಯಿತು. ಸಿಟ್ಟಿನಿಂದ ಬೈಯುವವನ ಎದುರು ನಯವಾಗಿ ಮಾತಾಡಿದವನೇ ಸಭ್ಯನಾಗಿ ಕಾಣುವುದು ನಮ್ಮ ನ್ಯಾಯ ಪಂಚಾಯಿತಿಗಳಲ್ಲೂ ಉಂಟು.

ಕನ್ನಡ ಓದುಗರಿಗೆ ಈ ಜಗಳ ಹೊಸದೇನಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಕಾಲದಲ್ಲಿ ಘೋಷಣೆಗೂ ಕಾವ್ಯಕ್ಕೂ ಇರುವ ಅಂತರದ ಬಗ್ಗೆ ನಮ್ಮಲ್ಲಿ ನಡೆದ ವಾದವನ್ನೇ ಇಂಗ್ಲಿಷಿನವರು ಮತ್ತೆ ಆಡಿದಂತಿತ್ತು. ಸಿದ್ಧಲಿಂಗಯ್ಯನವರ ಹಾಡುಗಳನ್ನು ಮೆರವಣಿಗೆಯಲ್ಲಿ ಕೇಳಿದವರಿಗೆ ಘೋಷಣೆಯೂ ಹಾಡಾಗಬಲ್ಲದು ಎಂದು ಯಾರೂ ವಾದಿಸಿ ಒಪ್ಪಿಸಬೇಕಾಗಿಲ್ಲ. ಅವು ನಿಂತದ್ದು ಹಸಿವಾದವನ, ಏಟು ತಿಂದವನ ಮೈ ಆ ಸಾಲುಗಳಲ್ಲಿ ಇದ್ದುದರಿಂದ. ಯಂಗ್‌ನ ಈ ಆಲ್ಬಮ್ಮಿನ ಬಹುಪಾಲು ಹಾಡುಗಳಲ್ಲಿ ಅಂಥ ಮೈ ಸಿಗುವುದಿಲ್ಲ. ‘ಬಿಗ್ ಬಾಕ್ಸ್’ ಎಂಬ ಎಂಟು ನಿಮಿಷಕ್ಕೂ ಮಿಕ್ಕ ಹಾಡಿನಲ್ಲಿ ದೊಡ್ಡ ಮಳಿಗೆಗಳಿಂದ ಸಣ್ಣ ಊರಿನ ಪೇಟೆಬೀದಿ ಸತ್ತಿತೆಂಬ ದೂರಿದೆ, ಆದರೆ ಬಾಗಿಲು ಹಾಕಿದ ಒಬ್ಬನೇ ಒಬ್ಬ ಅಂಗಡಿಕಾರನ ಮುಖ ನನ್ನ ಕಣ್ಣಿಗೆ ಕಟ್ಟಲಿಲ್ಲ. ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡ ದಾವಣಗೆರೆಯವನಾಗಿ ನಾನು ಆ ಮುಖಕ್ಕಾಗಿ ಕಾದದ್ದು ಸಹಜ. ‘ಪೀಪಲ್ ವಾಂಟ್ ಟು ಹಿಯರ್ ಅಬೌಟ್ ಲವ್’ ಹಾಡಿನದು ಇನ್ನೊಂದು ಬಗೆಯ ತೊಡಕು. ಜನರಿಗೆ ಪ್ರೀತಿಯ ಹಾಡು ಬೇಕು, ಕಷ್ಟದ ಮಾತು ಬೇಡ ಎಂಬ ಅದರ ವ್ಯಂಗ್ಯ ಚೆನ್ನಾಗಿದೆ, ಆದರೆ ಕೀಟನಾಶಕದಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಎಂಬ ಮಾತನ್ನು ಸಿದ್ಧಪಟ್ಟ ಸತ್ಯದಂತೆ ನಡುವೆ ತುರುಕಿರುವುದು ಸರಿಯಲ್ಲ. ವಿಜ್ಞಾನ ಅಷ್ಟು ಖಚಿತವಾಗಿ ಹೇಳದ್ದನ್ನು ಹಾಡುಗಾರ ಹೇಳಿಬಿಟ್ಟರೆ, ಉಳಿದ ನಿಜವಾದ ದೂರುಗಳನ್ನೂ ತಳ್ಳಿಹಾಕಲು ಎದುರಾಳಿಗೆ ಸುಲಭವಾಗುತ್ತದೆ.

ಆಲ್ಬಮ್ಮಿನ ಬಗ್ಗೆ ನನ್ನ ಅಭಿಪ್ರಾಯವನ್ನು ತಿದ್ದಿದವರು ಜಗಳೂರು ಕಡೆ ಬೇಸಾಯ ಮಾಡುವ ನಮ್ಮ ಚಿಕ್ಕಪ್ಪ. ಒಂದು ದೀಪಾವಳಿಯ ಮರುದಿನ ಅವರ ಕಣದಲ್ಲಿ ಹರಡಿದ ಮೆಕ್ಕೆಜೋಳದ ಪಕ್ಕ ಕುಳಿತು ಮೊಬೈಲಿನಲ್ಲಿ ಇದೇ ಹಾಡುಗಳನ್ನು ಕೇಳುತ್ತಿದ್ದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟು, “ಯಾರಿಗಪ್ಪಾ ಇವ್ನು ಇಷ್ಟೊಂದು ಬೈತಿರೋದು?” ಎಂದರು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿದಿತ್ತು. ಬೀಜದ ಕಂಪನಿಗೆ ಎಂದೆ. ಅವರು ಕೈಯಲ್ಲಿದ್ದ ಕಾಳನ್ನು ಹಲ್ಲಿನಲ್ಲಿ ಕಡಿದು ತೇವ ನೋಡಿ, “ಹಂಗಾರೆ ಏನಂತಾನೆ, ಹೇಳು” ಎಂದು ಅಲ್ಲೇ ಚೀಲದ ಮೇಲೆ ಕೂತರು.

ಆಗ ಬರುತ್ತಿದ್ದುದು ‘ವರ್ಕಿನ್ ಮ್ಯಾನ್’. ಅದರ ಹಿಂದಿರುವುದು ಇಂಡಿಯಾನ ರಾಜ್ಯದ ಸೋಯಾ ಬೆಳೆಗಾರ ವರ್ನನ್ ಬೋಮನ್‌ನ ಮೊಕದ್ದಮೆ. ತಡವಾಗಿ ಹಾಕುವ ಎರಡನೆಯ ಬೆಳೆ ಕೈಗೆ ಬರುವುದು ಅನುಮಾನವಾದ್ದರಿಂದ ಅವನು ದುಬಾರಿ ಬೀಜ ಕೊಳ್ಳದೆ, ಊರಿನ ಧಾನ್ಯ ಖರೀದಿ ಕೇಂದ್ರದಿಂದ ಸಾಮಾನ್ಯ ಸೋಯಾ ಕಾಳನ್ನು ತಂದು ಬಿತ್ತಿದ. ಸುತ್ತಲಿನ ರೈತರೆಲ್ಲ ಕಳೆನಾಶಕ ತಡೆದುಕೊಳ್ಳುವ ಮಾನ್ಸಾಂಟೊ ತಳಿಯನ್ನೇ ಬೆಳೆಯುತ್ತಿದ್ದುದರಿಂದ ಆ ಕಾಳಿನಲ್ಲೂ ಹೆಚ್ಚಿನದು ಅದೇ ತಳಿಯದಾಗಿತ್ತು. ಅವನು ಔಷಧಿ ಹೊಡೆದು, ಉಳಿದ ಗಿಡಗಳ ಬೀಜವನ್ನು ತೆಗೆದಿಟ್ಟು ವರ್ಷ ವರ್ಷ ಬಿತ್ತಿದ. ಕಂಪನಿ ಪೇಟೆಂಟ್ ಉಲ್ಲಂಘನೆಯೆಂದು ದಾವೆ ಹೂಡಿತು. 2013ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಕಂಪನಿಯ ಪರ ತೀರ್ಪು ಕೊಟ್ಟಿತು, 84,456 ಡಾಲರ್ ಪರಿಹಾರ ಅವನ ತಲೆಯ ಮೇಲೆ ಬಂತು. ಆಗ ಅವನಿಗೆ 75 ವರ್ಷ.

ಇದನ್ನು ನಾನು ತುಂಡು ತುಂಡಾಗಿ ಹೇಳುತ್ತಾ ಹೋದಂತೆ ಚಿಕ್ಕಪ್ಪ ನಡುವೆ ತಡೆದರು. “ಕದ್ದು ತಂದಿದ್ನಾ?” ಇಲ್ಲ, ದುಡ್ಡು ಕೊಟ್ಟು ತಂದದ್ದು ಎಂದೆ. “ಅವ್ನ ಹೊಲ್ದಾಗೆ ಬೆಳ್ದಿದ್ದೇ ತಾನೆ ತೆಗೆದಿಟ್ಟಿದ್ದು?” ಹೌದು ಎಂದೆ. “ಮತ್ತೆ ದಂಡ ಯಾತಕ್ಕೆ?” ಈ ಪ್ರಶ್ನೆಗೆ ನ್ಯಾಯಾಲಯದ ಬಳಿ ಉತ್ತರವಿತ್ತು, ಬಿತ್ತಿ ಬೆಳೆಯುವುದೆಂದರೆ ಪೇಟೆಂಟ್ ಇರುವ ವಸ್ತುವಿನ ಹೊಸ ಪ್ರತಿ ಮಾಡಿದಂತೆ ಎಂಬ ಉತ್ತರ. ಕಣದಲ್ಲಿ ಕೂತು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮಲ್ಲಿ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಬ್ರಾಂಡಿನ ಹೆಸರು ಹಾಕದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ ಎಂದು ಹೇಳಿದೆ. ಚಿಕ್ಕಪ್ಪ ನಕ್ಕರು. ಅವರ ಮುಂದೆ ರಾಶಿ ಬಿದ್ದಿದ್ದ ಮೆಕ್ಕೆಜೋಳ ಹೈಬ್ರಿಡ್. ಕುಲಾಂತರಿ ಮೆಕ್ಕೆಜೋಳವನ್ನು ವಾಣಿಜ್ಯ ಬೇಸಾಯಕ್ಕೆ ಭಾರತ ಒಪ್ಪಿಲ್ಲವಾದರೂ, ಹೈಬ್ರಿಡ್ ಕಾಳನ್ನು ತೆಗೆದಿಟ್ಟು ಬಿತ್ತಿದರೆ ಮುಂದಿನ ವರ್ಷ ಅದೇ ಇಳುವರಿ ಬರುವುದಿಲ್ಲ. ಹಕ್ಕು ಕಾಗದದಲ್ಲಿದೆ, ಮುಂಗಾರಿಗೆ ಮುಂಚೆ ಅಂಗಡಿಯ ಎದುರು ನಿಲ್ಲುವುದು ತಪ್ಪುವುದಿಲ್ಲ.

ಹತ್ತಿಯ ಮಾತು ಬಂದದ್ದು ಆಮೇಲೆ. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರೈತ ಸಂಘದವರು ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಹಾಕಿದ್ದ ಬಿಟಿ ಹತ್ತಿಯನ್ನು, ಅಂದರೆ ಕಾಯಿ ಕೊರೆಯುವ ಹುಳುವಿಗೆ ಗಿಡವೇ ವಿಷವಾಗುವ ಕುಲಾಂತರಿ ಹತ್ತಿಯನ್ನು, ಕಿತ್ತು ಸುಟ್ಟರು. ಯಂಗ್‌ನ ಆಲ್ಬಮ್ಮಿಗೆ ಹದಿನೇಳು ವರ್ಷ ಮೊದಲೇ ನಮ್ಮ ನೆಲದಲ್ಲಿ ಆ ಸಿಟ್ಟು ಬೆಂಕಿಯಾಗಿತ್ತು. 2002ರಲ್ಲಿ ಸರ್ಕಾರ ಅನುಮತಿ ಕೊಟ್ಟಿತು, ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ಬಹುಪಾಲು ಬಿಟಿಯಾಯಿತು. ಚಿಕ್ಕಪ್ಪನೂ ಬೆಳೆದರು. ಮೊದಲ ವರ್ಷಗಳಲ್ಲಿ ಔಷಧಿಯ ಖರ್ಚು ಇಳಿದದ್ದನ್ನು ಅವರು ಈಗಲೂ ಒಪ್ಪಿಕೊಳ್ಳುತ್ತಾರೆ. ಆ ಬೀಜದ ಪೊಟ್ಟಣದ ಜೊತೆಗೆ ಇನ್ನೊಂದು ಸಣ್ಣ ಪೊಟ್ಟಣ ಬರುತ್ತಿತ್ತು: 450 ಗ್ರಾಂ ಬಿಟಿ ಬೀಜಕ್ಕೆ 120 ಗ್ರಾಂ ಬಿಟಿಯಲ್ಲದ ಬೀಜ. ಹೊಲದ ಅಂಚಿನಲ್ಲಿ ಅದನ್ನು ಹಾಕಿದರೆ ಹುಳುಗಳಿಗೆ ತಿನ್ನಲು ಸಾಧಾರಣ ಗಿಡವೂ ಸಿಕ್ಕಿ, ವಿಷಕ್ಕೆ ಒಗ್ಗದ ಹುಳುಗಳ ಸಂತತಿ ಉಳಿದು, ಒಗ್ಗಿದವುಗಳ ಸಂಖ್ಯೆ ಹೆಚ್ಚುವುದು ನಿಧಾನವಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. “ಹುಳಕ್ಕೆ ಅಂತ ಯಾರಪ್ಪಾ ಹೊಲ ಬಿಡ್ತಾರೆ? ಬದುವಿನ ಮೇಲೆ ಒಗೀತಿದ್ವಿ,” ಎಂದರು ಚಿಕ್ಕಪ್ಪ. ಅವರೊಬ್ಬರೇ ಅಲ್ಲ, ಸಾಕಷ್ಟು ಜನ ಹಾಗೇ ಮಾಡಿದರು. 2010ರಲ್ಲಿ, ತನ್ನ ಮೊದಲ ತಲೆಮಾರಿನ ಬಿಟಿ ಹತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಹುಳು ಬಗ್ಗುತ್ತಿಲ್ಲ ಎಂದು ಮಾನ್ಸಾಂಟೊ ಕಂಪನಿಯೇ ಹೇಳಬೇಕಾಯಿತು. ಚಿಕ್ಕಪ್ಪ ಈಗ ಹತ್ತಿ ಬಿಟ್ಟು ಮೆಕ್ಕೆಜೋಳಕ್ಕೆ ಬಂದಿದ್ದಾರೆ.

ಯಂಗ್‌ನ ಒಂಬತ್ತು ಹಾಡುಗಳಲ್ಲಿ ನಾನು ಹುಡುಕಿದ್ದು ಆ 120 ಗ್ರಾಮಿನ ಪೊಟ್ಟಣವನ್ನು. ಒಂದು ಕಡೆ ಕಂಪನಿ, ಇನ್ನೊಂದು ಕಡೆ ಮುಗ್ಧ ರೈತ ಎಂದು ಗೆರೆ ಎಳೆದ ಹಾಡಿನಲ್ಲಿ, ಲಾಭಕ್ಕೆ ಆಸೆಪಟ್ಟು ಬಿತ್ತಿ, ಸಣ್ಣ ಪೊಟ್ಟಣವನ್ನು ಬದುವಿಗೆ ಎಸೆದು, ಆಮೇಲೆ ಹುಳು ಬಿದ್ದ ಕಾಯಿ ಬಿಡಿಸಿ ನೋಡಿ ಸುಮ್ಮನಾದ ನಮ್ಮ ಚಿಕ್ಕಪ್ಪನಿಗೆ ಜಾಗವಿಲ್ಲ. ಬೋಮನ್‌ನ ಹಾಡು ಉಳಿದವಕ್ಕಿಂತ ಮೇಲೆ ನಿಲ್ಲುವುದು ಅಲ್ಲಿ ಒಬ್ಬ ಮನುಷ್ಯ, ಒಂದು ಹೊಲ, ಒಂದು ಮೊಕದ್ದಮೆ ಇರುವುದರಿಂದ.

ಆಲ್ಬಮ್ ಬಂದ ಮೇಲೆ ಲೋಕವೂ ಸುಮ್ಮನೆ ಕೂರಲಿಲ್ಲ. ವರ್ಮಾಂಟ್ ಕಾನೂನು 2016ರ ಜುಲೈ 1ರಂದು ಜಾರಿಗೆ ಬಂತು, ಅದೇ ತಿಂಗಳು ಅಮೆರಿಕದ ಕೇಂದ್ರ ಸರ್ಕಾರದ ಹೊಸ ಕಾನೂನು ಅದನ್ನು ಬದಿಗೆ ಸರಿಸಿತು. 2018ರಲ್ಲಿ ಬೇಯರ್ ಕಂಪನಿ ಮಾನ್ಸಾಂಟೊವನ್ನು ಕೊಂಡು ಆ ಹೆಸರನ್ನೇ ಕೈಬಿಟ್ಟಿತು. ಬೈಸಿಕೊಂಡ ಹೆಸರು ಈಗ ಈ ಆಲ್ಬಮ್ಮಿನ ಹೊದಿಕೆಯ ಮೇಲೆ ಉಳಿದಿದೆ. ಯಂಗ್ ಅದೇ ಹುಡುಗರೊಂದಿಗೆ ಊರೂರು ಸುತ್ತಿ ಹಾಡಿದ್ದನ್ನು 2016ರಲ್ಲಿ ‘ಅರ್ತ್’ ಎಂದು ಹೊರತಂದಾಗ ನಡುನಡುವೆ ಕಾಗೆ, ಜೇನ್ನೊಣ, ಜೀರುಂಡೆಗಳ ದನಿ ಸೇರಿಸಿದ. ನನ್ನ ಮನೆಯವಳು ಅದನ್ನು ಕೇಳಿ ಕಿಟಕಿ ಹಾಕಲು ಎದ್ದು ಹೋಗಿದ್ದಳು.

ಕಣದಲ್ಲಿ ಕೊನೆಗೆ ಬಂದದ್ದು ‘ಇಫ್ ಐ ಡೋಂಟ್ ನೋ’. ಅಲ್ಲಿ ಬೈಗುಳವಿಲ್ಲ. ಗಿಟಾರ್ ತಡೆತಡೆದು ನಡೆಯುತ್ತದೆ, ದನಿ ತೆಳುವಾಗುತ್ತದೆ, ಎಂಟು ಹಾಡು ಕೂಗಿದವನ ಗಂಟಲು ಒಣಗಿದಂತೆ. ವಿಮರ್ಶೆಗಳನ್ನು ಓದಿದಾಗ ಈ ಹಾಡಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು ಎಂಬಂತಿತ್ತು, ನಾನು ಮಾತ್ರ ಆಲ್ಬಮ್ಮಿಗೆ ಮರಳುವುದೇ ಇದಕ್ಕಾಗಿ. ಚಿಕ್ಕಪ್ಪ ಇದರ ಅರ್ಥ ಕೇಳಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. “ಅವ್ನಿಗೆ ಹೊಲ ಐತಾ?” ಎಂದರು. ಕ್ಯಾಲಿಫೋರ್ನಿಯದಲ್ಲಿ ಜಮೀನು ತಗೊಂಡಿದ್ದ, ಎಷ್ಟೋ ವರ್ಷ ಅಲ್ಲೇ ಇದ್ದ ಎಂದೆ. “ಹಂಗಾದ್ರೆ ಬೈಲಿ ಬಿಡು,” ಎಂದು ಎದ್ದು, ತಾಡಪಾಲಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು.